ಸಿಂಕ್ ಕೆಳಗಿನ ಪೈಪ್ ಒಡೆದು ಮನೆಯೆಲ್ಲ ನೀರು, ಇನ್ಶೂರೆನ್ಸ್‌ನವರು "ಹಳೇ ಸೋರಿಕೆ" ಅಂತಿದ್ದಾರೆ

ಒದ್ದೆಗಾಲು
ನಾಲ್ಕು ದಿನ ಮನೆಯಲ್ಲಿರಲಿಲ್ಲ. ವಾಪಸ್ ಬಂದು ಬಾಗಿಲು ತೆಗೆದು ಒಳಗೆ ಕಾಲಿಟ್ಟರೆ ಪಚಕ್ ಅಂತು. ಅಡುಗೆಮನೆ ಸಿಂಕ್ ಕೆಳಗೆ ನಲ್ಲಿಗೆ ಹೋಗುವ ಕನೆಕ್ಷನ್ ಪೈಪ್ ಇರುತ್ತಲ್ಲ, ಸ್ಟೀಲ್ ಎಳೆ ಹೆಣೆದಿರೋದು, ಅದು ನಟ್ ಹತ್ತಿರ ಕಿತ್ತುಕೊಂಡು ನೀರು ಸುರೀತಾ ಇತ್ತು. ಕಪಾಟಿನ ತಳ ಉಬ್ಬಿ ಬಾಗಿಲು ಮುಚ್ಚುತ್ತಿಲ್ಲ, ಪಕ್ಕದ ರೂಮಿನ ಗೋಡೆಯ ಬಣ್ಣ ಮೊಣಕಾಲೆತ್ತರಕ್ಕೆ ಎದ್ದು ಬಂದಿದೆ. ಮನೆಗೆ ಇನ್ಶೂರೆನ್ಸ್ ಇದೆಯಲ್ಲ ಅಂತ ಧೈರ್ಯವಾಗಿ ಕ್ಲೇಮ್ ಹಾಕಿದೆ. ಸರ್ವೇಯರ್ ಬಂದರು, ಟಾರ್ಚ್ ಬಿಟ್ಟು ನೋಡಿದರು, "ನಟ್‌ಗೆ ತುಕ್ಕು ಹಿಡಿದಿದೆ, ಇದು ಹಳೇ ಸೋರಿಕೆ" ಅಂತ ಬರೆದುಕೊಂಡು ಹೋದರು. ಈಗ ಕ್ಲೇಮ್ ಆಗಲ್ಲ ಅಂತ ಪತ್ರ ಬಂದಿದೆ. ಏನಾದರೂ ದಾರಿ ಇದೆಯಾ, ಇಲ್ಲ ಸುಮ್ನೆ ಬಿಟ್ಟುಬಿಡಲಾ?

ಮಾಜಿ ಸರ್ವೇಯರ್
ನಾನೂ ಕೆಲವು ವರ್ಷ ಅದೇ ಟಾರ್ಚ್ ಹಿಡಿದವನು, ಬೈಯಬೇಡಿ. ಸಾಮಾನ್ಯವಾಗಿ ಇಂಥ ಕ್ಲೇಮ್ ನಿಲ್ಲೋದು ಬೀಳೋದು ಒಂದೇ ಪ್ರಶ್ನೆ ಮೇಲೆ: ನೀರು ಒಮ್ಮೆಲೇ ನುಗ್ಗಿತಾ, ಇಲ್ಲ ತಿಂಗಳುಗಟ್ಟಲೆ ಜಿನುಗಿತಾ? ನುಗ್ಗಿದ್ದಕ್ಕೆ ಕೊಡುತ್ತಾರೆ, ಜಿನುಗಿದ್ದಕ್ಕೆ ಕೊಡಲ್ಲ.

ಆದರೆ ತುಕ್ಕು ಬೇರೆ, ಸೋರಿಕೆ ಬೇರೆ. ಬಹಳ ದಿನದಿಂದ ಸೋರುತ್ತಿದ್ದರೆ ಕಪಾಟಿನ ತಳವೇ ಹೇಳುತ್ತೆ. ಉಂಗುರದ ಮೇಲೆ ಉಂಗುರವಾಗಿ ಕಂದು ಕಲೆ ಇರುತ್ತೆ, ನಟ್ ಸುತ್ತ ಬಿಳಿ ಉಪ್ಪು ಕಟ್ಟಿರುತ್ತೆ, ಹಲಗೆಗೆ ಉಗುರು ಒತ್ತಿದರೆ ಒಳಗೆ ಇಳಿಯುತ್ತೆ. ಬೂಷ್ಟು ಒಂದನ್ನೇ ತೋರಿಸಿ ಹಳೇದು ಅಂದರೆ ಒಪ್ಪಬೇಡಿ, ಒದ್ದೆ ಜಾಗದಲ್ಲಿ ಅದು 24ರಿಂದ 48 ಗಂಟೆಯಲ್ಲೇ ಶುರುವಾಗಬಹುದು, ನೀವು ನಾಲ್ಕು ದಿನ ಇರಲೇ ಇಲ್ಲ.

ಒಡೆದ ಪೈಪ್ ಎಲ್ಲಿ? ಎಸೆದುಬಿಟ್ರಾ?

ಒದ್ದೆಗಾಲು
ಇಲ್ಲ ಸಾರ್. ಪ್ಲಂಬರ್ ಬಿಚ್ಚಿ ಬಕೆಟ್‌ಗೆ ಹಾಕಿದ್ದು ಹಾಗೇ ಇದೆ. ನೀವು ಹೇಳಿದ ಉಂಗುರ, ಉಪ್ಪು ಯಾವುದೂ ಕಾಣ್ತಿಲ್ಲ.

ಮಾಜಿ ಸರ್ವೇಯರ್
ಪುಣ್ಯ. ಅದೇ ನಿಮ್ಮ ಸಾಕ್ಷಿ, ಕವರ್‌ಗೆ ಹಾಕಿ ಎತ್ತಿಡಿ. ಎಳೆ ತುಂಡಾದ ಜಾಗ, ಒಳಗಿನ ರಬ್ಬರ್ ಸೀಳಿರುವ ಜಾಗ, ಎರಡನ್ನೂ ಹತ್ತಿರದಿಂದ ಫೋಟೋ ತೆಗೆಯಿರಿ. ಪ್ಲಂಬರ್ ಕೈಲಿ ಏನು ನೋಡಿದ ಅಂತ ನಾಲ್ಕು ಸಾಲು ಬರೆಸಿ. ಮೀಟರ್ ಇದ್ದರೆ ನೀರಿನ ಬಿಲ್ ತುಂಬಾ ಕೆಲಸಕ್ಕೆ ಬರುತ್ತೆ: ಹಿಂದಿನ ಬಿಲ್ ಎಲ್ಲ ಮಾಮೂಲಿ, ಈ ಸಲ ಮಾತ್ರ ಏರಿದೆ ಅಂದರೆ ಹಳೇ ಸೋರಿಕೆ ಅನ್ನೋ ಮಾತು ನಿಲ್ಲೋದು ಕಷ್ಟ. ಸರ್ವೇ ರಿಪೋರ್ಟ್‌ನ ಪ್ರತಿ ಕೇಳಿ, ಪಾಲಿಸಿಯ ಯಾವ ಷರತ್ತಿನ ಮೇಲೆ ತಿರಸ್ಕರಿಸಿದ್ದೀರಿ ಅಂತಲೂ ಬರಹದಲ್ಲೇ ಕೇಳಿ. ಫೋನಲ್ಲಿ ಜಗಳ ಆಡಿ ಪ್ರಯೋಜನವಿಲ್ಲ.

ಗೆದ್ದರೂ ಪೂರ್ತಿ ಬರಲ್ಲ, ಅದು ಗೊತ್ತಿರಲಿ. ಪೈಪಿನ ದುಡ್ಡು ಸಾಮಾನ್ಯವಾಗಿ ನಿಮ್ಮದೇ, ಮೊದಲ ಇಷ್ಟು ಮೊತ್ತವನ್ನೂ ನೀವೇ ಭರಿಸಬೇಕು ಅಂತ ಪಾಲಿಸಿಯಲ್ಲಿರುತ್ತೆ.

ಸ್ಪ್ಯಾನರ್
ಒಂದು ಪ್ರಶ್ನೆ. ಸಿಂಕ್ ಕೆಳಗೆ ಬ್ಲೀಚ್ ಬಾಟಲಿ ಇಟ್ಟಿದ್ರಾ? ಮುಚ್ಚಿದ ಕಪಾಟಿನಲ್ಲಿ ಅದರ ಆವಿ ಸ್ಟೀಲ್ ಎಳೆಯನ್ನ ತಿನ್ನುತ್ತೆ. ಹೊರಗಿಂದ ಪೈಪ್ ಹೊಳೀತಾ ಇರುತ್ತೆ, ನಟ್ ಹತ್ತಿರ ಒಂದೆರಡು ಎಳೆ ಕೂದಲಿನ ಹಾಗೆ ಎದ್ದು ನಿಂತಿರುತ್ತೆ. ಅದು ಕಂಡ ದಿನವೇ ಪೈಪ್ ಬದಲಾಯಿಸಬೇಕು. ವಾಷಿಂಗ್ ಮೆಷೀನ್ ಪೈಪೂ ಅಷ್ಟೇ, ಐದು ವರ್ಷ ಆಗಿದ್ದರೆ ಒಡೆಯೋಕೆ ಕಾಯಬೇಡಿ.

ಇನ್ನೊಂದು, ರಾತ್ರಿ ಮಲಗುವಾಗ ಎಲ್ಲ ನಲ್ಲಿ ನಿಲ್ಲಿಸಿ ಮೀಟರ್ ಫೋಟೋ ತೆಗೆಯಿರಿ, ಬೆಳಿಗ್ಗೆ ನೀರು ಮುಟ್ಟುವ ಮೊದಲು ಮತ್ತೆ ನೋಡಿ. ಅಂಕಿ ಓಡಿದ್ದರೆ ಎಲ್ಲೋ ಸೋರ್ತಿದೆ. ಮೊದಲು ಫ್ಲಶ್ ಟ್ಯಾಂಕ್ ಮೇಲೆ ಅನುಮಾನ ಪಡಿ: ನಾಲ್ಕು ಹನಿ ಅಡುಗೆ ಬಣ್ಣ ಹಾಕಿ ಅರ್ಧ ಗಂಟೆ ಫ್ಲಶ್ ಮಾಡದೆ ಬಿಟ್ಟರೆ, ಕಮೋಡಿಗೆ ಬಣ್ಣ ಇಳೀತಾ ಇಲ್ವಾ ಗೊತ್ತಾಗುತ್ತೆ.

ಬಕೆಟ್ ರಾಣಿ
ಎಲ್ಲರೂ ಪೈಪಿನ ಬಗ್ಗೆಯೇ ಮಾತಾಡ್ತಿದ್ದೀರಿ, ಮನೆ ಬಿಡುವಾಗ ಮೇನ್ ವಾಲ್ವ್ ಮುಚ್ಚಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ ಅಲ್ವಾ? ನಮ್ಮ ಮನೆಯಲ್ಲಿ ಒಡೆದಾಗ ವಾಲ್ವ್ ಎಲ್ಲಿದೆ ಅಂತ ನನಗೂ ಗೊತ್ತಿರಲಿಲ್ಲ, ನಮ್ಮೆಜಮಾನರಿಗೂ ಗೊತ್ತಿರಲಿಲ್ಲ. ಹುಡುಕೋಷ್ಟರಲ್ಲಿ ನೀರು ಹಾಲ್ ದಾಟಿತ್ತು.

ಒದ್ದೆಗಾಲು
ಬ್ಲೀಚ್ ಬಾಟಲಿ ಇತ್ತು. ಅದೂ ಪೈಪಿಗೆ ಒರಗಿಸಿ. ಹಾಗಾದರೆ ತಪ್ಪು ನನ್ನದೇ ಅಂತ ಆಗುತ್ತಾ?

ಮಾಜಿ ಸರ್ವೇಯರ್
ಮುಚ್ಚಿಡಬೇಡಿ, ಕೇಳಿದರೆ ಇದ್ದದ್ದು ಇದ್ದ ಹಾಗೆ ಹೇಳಿ. ಎಳೆ ಸವೆದದ್ದು ನಿಧಾನವಾಗಿ, ನೀರು ನುಗ್ಗಿದ್ದು ಒಮ್ಮೆಲೇ. ಸವೆದ ಪೈಪಿಗೆ ದುಡ್ಡು ಇಲ್ಲದಿದ್ದರೂ ಅದರಿಂದ ನುಗ್ಗಿದ ನೀರಿನ ಹಾನಿಗೆ ಕೊಡುವ ಪಾಲಿಸಿ ಬೇಕಾದಷ್ಟಿವೆ. ನಿಮ್ಮದರಲ್ಲಿ ಆ ಸಾಲು ಹೇಗಿದೆ ನೋಡಿ, ಇಲ್ಲಿ ಹಾಕಿ.

ಒದ್ದೆಗಾಲು
ರಾತ್ರಿ ಹುಡುಕಿ ಹಾಕ್ತೀನಿ. ಈಗಷ್ಟೇ ಹೋಗಿ ಮೇನ್ ವಾಲ್ವ್ ತಿರುಗಿಸಿ ನೋಡಿದೆ, ಅಲ್ಲಾಡಲೇ ಇಲ್ಲ.

ಸ್ಪ್ಯಾನರ್
ಬಲ ಹಾಕಬೇಡಿ, ಮುರಿಯುತ್ತೆ! ಪ್ಲಂಬರ್‌ನ ಕರೆಸಿ.