ಬಾಡಿಗೆ ಏರಿಕೆಗೆ ಮಿತಿ ಹಾಕಿಸಿದರೆ ಸಾಕೇ? ನಗರಸಭೆಗೆ ಏನೆಂದು ಬರೆದು ಕೊಡಬೇಕು?

ಮೂರನೇ_ಮಹಡಿ:
ನಾವಿರುವ ಕಟ್ಟಡ ಕೈ ಬದಲಾಯಿತು. ಹೊಸ ಮಾಲೀಕರು ಬಂದ ತಿಂಗಳಲ್ಲೇ ಎಲ್ಲರ ಬಾಗಿಲಿಗೂ ಒಂದೊಂದು ನೋಟಿಸು: "ದುರಸ್ತಿ ನಿಮಿತ್ತ ಮನೆ ತೆರವು ಮಾಡತಕ್ಕದ್ದು." ದುರಸ್ತಿ ಮುಗಿದ ಮೇಲೆ ವಾಪಸ್ ಬರಬಹುದಾ, ಬಂದರೆ ಬಾಡಿಗೆ ಎಷ್ಟು, ಒಂದಕ್ಷರವೂ ಇಲ್ಲ. ಬಾಡಿಗೆದಾರರೆಲ್ಲ ಸೇರಿ ಒಂದು ಸಂಘ ಕಟ್ಟಿದ್ದೇವೆ. ನಗರಸಭೆಯವರು ಬೇಡಿಕೆ ಬರೆದು ಕೊಡಿ ಅಂದಿದ್ದಾರೆ. ಸಭೆಯಲ್ಲಿ ಎಲ್ಲರದ್ದೂ ಒಂದೇ ಮಾತು, ಬಾಡಿಗೆಗೆ ಮಿತಿ ಹಾಕಿಸಿ ಅಂತ. ಅಷ್ಟರಿಂದಲೇ ನಾವು ಇಲ್ಲಿ ಉಳಿಯುತ್ತೇವೆ ಅಂತ ನನಗಂತೂ ಅನ್ನಿಸುತ್ತಿಲ್ಲ. ಬೇರೆ ನಗರಗಳಲ್ಲಿ ಏನಾಗಿದೆ, ಬಲ್ಲವರು ಹೇಳಿ.

ದಾವೆ_ದಫ್ತರ:
ಒಕ್ಕಲೆಬ್ಬಿಸುವ ದಾವೆಗಳಲ್ಲಿ ಬಾಡಿಗೆದಾರರ ಕಡೆಯ ಕಾಗದಪತ್ರ ನೋಡುವುದು ನನ್ನ ಕೆಲಸ. ನೋಟಿಸು ಕೈಗೆ ಬಂದರೆ ಬಾಡಿಗೆ ಎಷ್ಟು ಅಂತ ಕೊನೆಗೆ ನೋಡುತ್ತೇನೆ. ಮೊದಲು ಕಣ್ಣು ಹೋಗುವುದು ಕಾರಣ ಬರೆದ ಸಾಲಿಗೆ. ಅಲ್ಲಿ "ದುರಸ್ತಿ" ಅಂತ ಒಂದೇ ಪದ ಇದ್ದು, ಯಾವ ಗೋಡೆ, ಯಾವ ಪೈಪು, ಎಷ್ಟು ದಿನದ ಕೆಲಸ, ಪರವಾನಗಿ ಇದೆಯಾ ಅನ್ನುವುದು ಇಲ್ಲದಿದ್ದರೆ ನನಗೆ ಗುಮಾನಿ ಶುರು.

ನಿಮ್ಮ ಅನುಮಾನ ಸರಿಯಾಗಿದೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1994ರಲ್ಲಿ ಬಾಡಿಗೆ ನಿಯಂತ್ರಣವನ್ನು ಸಣ್ಣ ಹಳೆಯ ಕಟ್ಟಡಗಳಿಗೂ ವಿಸ್ತರಿಸಿದರು. ಸ್ಟ್ಯಾನ್‌ಫರ್ಡ್‌ನ ಅರ್ಥಶಾಸ್ತ್ರಜ್ಞರು ಅದರ ಲೆಕ್ಕ ತೆಗೆದಾಗ ಎರಡೂ ಕಂಡವು. ಒಳಗಿದ್ದ ಬಾಡಿಗೆದಾರರು ಅದೇ ವಿಳಾಸದಲ್ಲಿ ಉಳಿಯುವ ಸಾಧ್ಯತೆ ಶೇ. 10ರಿಂದ 20ರಷ್ಟು ಹೆಚ್ಚಿತು. ಆದರೆ ಆ ಕಟ್ಟಡಗಳ ಮಾಲೀಕರು ಮನೆಗಳನ್ನು ಮಾರಿ, ಕೆಡವಿ ಕಟ್ಟಿ, ಬಾಡಿಗೆಗೆ ಸಿಗುವ ಮನೆಗಳನ್ನು ಶೇ. 15ರಷ್ಟು ಕಡಿಮೆ ಮಾಡಿದರು. ಮಿತಿ ಕೆಲಸ ಮಾಡಿತು, ಪಕ್ಕದ ಬಾಗಿಲು ಮಾತ್ರ ತೆರೆದೇ ಇತ್ತು. ನಿಮಗೆ ಬಂದಿರುವ ನೋಟಿಸು ಆ ಪಕ್ಕದ ಬಾಗಿಲಿನದು.

ಹಾಗಾಗಿ ಬೇಡಿಕೆ ಪತ್ರದಲ್ಲಿ ಮೊದಲು, ತಕ್ಕ ಕಾರಣವಿಲ್ಲದೆ ಖಾಲಿ ಮಾಡಿಸುವಂತಿಲ್ಲ ಅನ್ನುವ ನಿಯಮ ಕೇಳಿ. ಅಮೆರಿಕದ ನ್ಯೂಜೆರ್ಸಿಯಲ್ಲಿ 1974ರಿಂದಲೇ ಅಂಥ ಕಾನೂನಿದೆ. ದುರಸ್ತಿಗೆ ಅಂತ ಕಳಿಸಿದರೆ ಹಳೆಯ ಕರಾರಿನ ಮೇಲೆ ವಾಪಸ್ ಬರುವ ಹಕ್ಕನ್ನೂ ಅದರಲ್ಲೇ ಸೇರಿಸಿ.

ಎರಡನೆಯದು ವಕೀಲರು. ಇದನ್ನು ಸಭೆಗಳಲ್ಲಿ ಯಾರೂ ಎತ್ತುವುದಿಲ್ಲ, ನನಗೆ ಮಾತ್ರ ಇದೇ ಮುಖ್ಯ. ಕೋರ್ಟಿನಲ್ಲಿ ಮಾಲೀಕರ ಪಕ್ಕ ವಕೀಲರು ನಿಂತಿರುತ್ತಾರೆ, ಬಾಡಿಗೆದಾರರ ಪಕ್ಕ ಅವರ ಮಗು. ನ್ಯೂಯಾರ್ಕ್ ನಗರ 2017ರಲ್ಲಿ ಕಡಿಮೆ ಆದಾಯದ ಬಾಡಿಗೆದಾರರಿಗೆ ಸರ್ಕಾರಿ ಖರ್ಚಿನಲ್ಲೇ ವಕೀಲರನ್ನು ಕೊಡುವ ಕಾನೂನು ಮಾಡಿತು. ಕೆಲವೇ ವರ್ಷಗಳಲ್ಲಿ, ಹಾಗೆ ವಕೀಲರು ಸಿಕ್ಕ ಕುಟುಂಬಗಳಲ್ಲಿ ಶೇ. 84ರಷ್ಟು ತಮ್ಮ ಮನೆಯಲ್ಲೇ ಉಳಿದವು ಅಂತ ನಗರದ ಇಲಾಖೆಯೇ ವರದಿ ಕೊಟ್ಟಿತು. ಕೋವಿಡ್ ಕಾಲದ ತಡೆ 2022ರ ಜನವರಿಯಲ್ಲಿ ತೆರವಾದಾಗ ದಾವೆಗಳು ಒಟ್ಟಿಗೇ ನುಗ್ಗಿ ವಕೀಲರು ಸಾಲದೆ ಹೋದರು, ಅದೂ ನಿಜ. ಅದಕ್ಕೇ ಹಕ್ಕಿನ ಜೊತೆ ಬಜೆಟ್ಟನ್ನೂ ಕೇಳಿ.

ಬಾಡಿಗೆಗೆ_ಕೊಟ್ಟವನು:
ನಾನು ಆ ಕಡೆಯವನು, ಬೈಯಬೇಡಿ. ಅಮೆರಿಕದ ಸೇಂಟ್ ಪಾಲ್‌ನಲ್ಲಿ 2021ರಲ್ಲಿ ಜನ ಮತ ಹಾಕಿ ವರ್ಷಕ್ಕೆ ಶೇ. 3ರ ಮಿತಿ ತಂದರು, ಹೊಸ ಕಟ್ಟಡಕ್ಕೂ ಸೇರಿಸಿ. ಪರವಾನಗಿ ಅರ್ಜಿಗಳು ಕುಸಿದವು. ಮರುವರ್ಷವೇ ಹೊಸ ಕಟ್ಟಡಗಳಿಗೆ 20 ವರ್ಷ ವಿನಾಯಿತಿ ಕೊಡಬೇಕಾಯಿತು. ಮನೆಯನ್ನೇ ಕಟ್ಟದಿದ್ದರೆ ನಿಮಗೆ ಕೊಡುವುದೆಲ್ಲಿಂದ?

ದಾವೆ_ದಫ್ತರ:
ಒಪ್ಪಿದೆ ಸ್ವಾಮಿ, ಹೊಸ ಕಟ್ಟಡವನ್ನು ಮೊದಲ ದಿನದಿಂದಲೇ ಬಿಗಿಯುವುದು ದಡ್ಡತನ. ಆದರೆ ಇವರದು ಹಳೆಯ ಕಟ್ಟಡ, ಜನ ಒಳಗೆ ವಾಸವಿರುವಾಗಲೇ ಕೈ ಬದಲಾದದ್ದು. ಪೋರ್ಟ್‌ಲ್ಯಾಂಡ್ 2017ರಲ್ಲಿ ಮಾಡಿದ್ದು ನೋಡಿ: ಕಾರಣ ಕೊಡದೆ ಖಾಲಿ ಮಾಡಿಸಿದರೆ, ಅಥವಾ ಬಾಡಿಗೆಯನ್ನು ಶೇ. 10 ಇಲ್ಲವೇ ಅದಕ್ಕಿಂತ ಜಾಸ್ತಿ ಏರಿಸಿದ್ದರಿಂದ ಬಾಡಿಗೆದಾರ ಮನೆ ಬಿಟ್ಟರೆ, ಮನೆಯ ಗಾತ್ರಕ್ಕೆ ತಕ್ಕಂತೆ ಮಾಲೀಕರೇ 2,900ರಿಂದ 4,500 ಡಾಲರ್ ಸ್ಥಳಾಂತರದ ಖರ್ಚು ಕೊಡಬೇಕು. ಹೊಸದು ಕಟ್ಟುವವರಿಗೆ ಇದರಿಂದ ಯಾವ ತೊಂದರೆಯೂ ಇಲ್ಲ.

ಕಾಯಿದೆ_ಕಣ್ಣು:
ಬರೆಯುವ ಮೊದಲು ನಿಮ್ಮ ನಗರಸಭೆಗೆ ಆ ಅಧಿಕಾರ ಇದೆಯೇ ಅಂತ ಖಚಿತ ಮಾಡಿಕೊಳ್ಳಿ. ಬರ್ಲಿನ್ 2020ರಲ್ಲಿ ಬಾಡಿಗೆಗಳನ್ನು 2019ರ ಜೂನ್ ಮಟ್ಟಕ್ಕೇ ನಿಲ್ಲಿಸುವ ಕಾನೂನು ತಂದಿತು. 2021ರ ಏಪ್ರಿಲ್‌ನಲ್ಲಿ ಸಂವಿಧಾನ ನ್ಯಾಯಾಲಯ ಅದನ್ನು ಪೂರ್ತಿ ರದ್ದು ಮಾಡಿತು. ಬಾಡಿಗೆ ವಿಷಯ ಒಕ್ಕೂಟ ಸರ್ಕಾರದ್ದು, ನಿಮ್ಮದಲ್ಲ ಅಂತ. ಕಡಿಮೆ ಬಾಡಿಗೆ ಕಟ್ಟಿದ್ದ ಎಷ್ಟೋ ಜನ ಬಾಕಿ ತುಂಬಬೇಕಾಯಿತು.

ಮೂರನೇ_ಮಹಡಿ:
ಬರ್ಲಿನ್ ಕಥೆ ಕೇಳಿ ಎದೆ ಧಸಕ್ಕೆಂದಿತು. ಮಿತಿಯ ಬೇಡಿಕೆಯನ್ನು ಕೆಳಗೆ ಹಾಕಿ, ಕಾರಣ, ವಾಪಸಾತಿ, ವಕೀಲರು ಮೇಲೆ ಬರುವಂತೆ ಬರೆಯುತ್ತೇನೆ. ಕಟ್ಟಡ ಮಾರುವಾಗ ಬಾಡಿಗೆದಾರರಿಗೇ ಮೊದಲು ಕೇಳಬೇಕು ಅನ್ನುವ ನಿಯಮವೂ ಎಲ್ಲೋ ಇದೆಯಂತಲ್ಲ?

ದಾವೆ_ದಫ್ತರ:
ವಾಷಿಂಗ್ಟನ್ ಡಿ.ಸಿ.ಯಲ್ಲಿ, 1980ರಿಂದ. ಒಳ್ಳೆಯದೇ, ಆದರೆ ಸಾಲದ ವ್ಯವಸ್ಥೆ, ಸಮಯ ಎರಡೂ ಇಲ್ಲದಿದ್ದರೆ ಬಾಡಿಗೆದಾರರ ಕೈಯಲ್ಲಿ ಕೊಳ್ಳಲು ಆಗುವುದಿಲ್ಲ. ನಿಮ್ಮ ಕಟ್ಟಡ ಆಗಲೇ ಮಾರಾಟವಾಗಿದೆ, ಮುಂದಿನವರಿಗಾಗಿ ಒಂದು ಸಾಲು ಬರೆದಿಡಿ.

ಇದೆಲ್ಲ ಆಗುವಾಗ ಆಗಲಿ. ನೋಟಿಸಿನಲ್ಲಿರುವ ಗಡುವಿನೊಳಗೆ ಪ್ರತಿ ಮನೆಯವರೂ ಬೇರೆ ಬೇರೆಯಾಗಿ ಲಿಖಿತ ಉತ್ತರ ಕೊಡಿ, ದುರಸ್ತಿ ಪರವಾನಗಿಯ ನಕಲು ಕೇಳಿ, ಸ್ವೀಕೃತಿ ತೆಗೆದುಕೊಳ್ಳಿ. ಬಾಡಿಗೆ ಕಟ್ಟುವುದನ್ನು ಮಾತ್ರ ನಿಲ್ಲಿಸಬೇಡಿ.