ಆಮೆ-ಮೊಲದ ಸ್ಟಾಪ್ ಮೋಷನ್: ಚಿತ್ರ ಮಿಣುಕುತ್ತಿದೆ, ಮೊಲದ ತುಪ್ಪಳ ನಡುಗುತ್ತಿದೆ

ಬೊಂಬೆಮನೆ: ಎಲ್ಲರಿಗೂ ನಮಸ್ಕಾರ. ಮಕ್ಕಳಿಗಾಗಿ ಆಮೆ-ಮೊಲದ ಓಟದ ಕತೆಯನ್ನು ಸ್ಟಾಪ್ ಮೋಷನ್‌ನಲ್ಲಿ, ಅಂದರೆ ಬೊಂಬೆಗಳನ್ನು ಚೂರುಚೂರೇ ಕದಲಿಸಿ ಒಂದೊಂದೇ ಫೋಟೋ ತೆಗೆದು, ಮಾಡುತ್ತಿದ್ದೇನೆ. ಸೆಕೆಂಡಿಗೆ 12 ಫ್ರೇಮ್ (ಫೋಟೋ). ಕ್ಯಾನನ್ ಡಿಎಸ್‌ಎಲ್‌ಆರ್, ಜೊತೆಗೆ ಬಂದ ಕಿಟ್ ಲೆನ್ಸ್, ಅಪರ್ಚರ್ (ಲೆನ್ಸಿನ ಬೆಳಕಿನ ಕಿಂಡಿ) ಎಫ್/8, ಶಟರ್ 1/125 ಸೆಕೆಂಡ್, ಐಎಸ್‌ಒ (ಬೆಳಕಿಗೆ ಸೂಕ್ಷ್ಮತೆ) 1600, ಮನೆಯ ಎಲ್‌ಇಡಿ ಬಲ್ಬ್. ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಾಣಿಕೆ) ಸೇರಿ ಎಲ್ಲವೂ ಮ್ಯಾನುಯಲ್. ಆದರೂ ಇಡೀ ಚಿತ್ರ ಮಿಣುಕುತ್ತದೆ. ಮೊಲ ಮಲಗಿರುವ ಶಾಟ್‌ನಲ್ಲಿ ಅದು ಎದ್ದು ಕಾಣುತ್ತದೆ. ಮೊಲದ ತುಪ್ಪಳವೂ ಗಾಳಿಗೆ ಸಿಕ್ಕಂತೆ ನಡುಗುತ್ತದೆ. ತೆಗೆದಿದ್ದೆಲ್ಲ ಬಿಸಾಡಬೇಕಾ?

ಹಳೇಲೆನ್ಸ್: ಈಗಲೇ ಬಿಸಾಡಬೇಡಿ. ಕಿಟಕಿ ಮುಚ್ಚಿ, ಬೊಂಬೆ ಮುಟ್ಟದೆ, ದೂರ ನಿಂತು ರಿಮೋಟ್‌ನಿಂದ ಒಂದಿಪ್ಪತ್ತು ಫ್ರೇಮ್ ತೆಗೆಯಿರಿ. ಮಿಣುಕು ನಿಂತರೆ ಕಾರಣ ನಿಮ್ಮ ನೆರಳು ಅಥವಾ ಬಟ್ಟೆ. ಬಿಳಿ ಶರ್ಟ್ ಕೂಡ ಸೆಟ್ ಮೇಲೆ ಬೆಳಕು ಚೆಲ್ಲುತ್ತದೆ. ನಿಲ್ಲದಿದ್ದರೆ ಲೆನ್ಸ್ ಅಥವಾ ದೀಪ.

ಬೊಂಬೆಮನೆ: ಮಾಡಿದೆ ಸರ್. ಮಿಣುಕು ಹಾಗೇ ಇದೆ.

ಹಳೇಲೆನ್ಸ್: ಮೊದಲು ದೀಪ. ನಮ್ಮ ಕರೆಂಟ್ 50 ಹರ್ಟ್ಸ್. ಅಗ್ಗದ ಎಲ್‌ಇಡಿಯ ಬೆಳಕು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. 1/125ರಲ್ಲಿ ಆ ಏರಿಳಿತದ ಒಂದು ಸುತ್ತೂ ಪೂರ್ತಿ ಸಿಗುವುದಿಲ್ಲ. ಬೊಂಬೆ ಕದಲುವುದಿಲ್ಲವಲ್ಲ, ಶಟರ್ 1/10 ಇಡಿ, ಐಎಸ್‌ಒ 125ಕ್ಕೆ ಇಳಿಸಿ. ಒಂದು ಫ್ರೇಮಿಗೆ ಹತ್ತು ಸುತ್ತು ಸಿಗುತ್ತವೆ, ಬೆಳಕು ಸಮವಾಗುತ್ತದೆ.

ಆಮೇಲೆ ಲೆನ್ಸ್. ಅದರೊಳಗೆ ಅಪರ್ಚರ್ ಕಿಂಡಿ ಮಾಡುವ ಬ್ಲೇಡುಗಳು ಪ್ರತಿ ಫ್ರೇಮಿಗೂ ಎಫ್/8ಕ್ಕೆ ಮುಚ್ಚಿ ಮತ್ತೆ ತೆರೆಯುತ್ತವೆ. ಪ್ರತಿ ಸಲ ಒಂದೇ ಜಾಗದಲ್ಲಿ ನಿಲ್ಲುವುದಿಲ್ಲ. ಅಪರ್ಚರ್ ಪೂರ್ತಿ ತೆರೆದು ತೆಗೆದು ನೋಡಿ. ಮಿಣುಕು ಹೋದರೆ ಅಪರ್ಚರ್ ರಿಂಗ್ ಇರುವ ಹಳೇ ಮ್ಯಾನುಯಲ್ ಲೆನ್ಸನ್ನು ಅಡಾಪ್ಟರ್ ಹಾಕಿ ಬಳಸಿ. ಬ್ಲೇಡುಗಳು ಇಟ್ಟಲ್ಲೇ ಇರುತ್ತವೆ.

ಮಣ್ಣುಗೈ: ತುಪ್ಪಳದ ಬಗ್ಗೆ ನಾನು ಹೇಳುತ್ತೇನೆ. ಅದು ಬೆರಳು ತಾಗಿ ಆಗುವುದು. 1933ರ ಕಿಂಗ್ ಕಾಂಗ್ ಸಿನಿಮಾದ ಗೊರಿಲ್ಲಾ ಬೊಂಬೆಯ ಮೈಕೂದಲಲ್ಲೂ ಕಾಣುತ್ತದೆ. ಓಡುವ ಶಾಟ್‌ಗಳಲ್ಲಿ ಹಾಗೇ ಬಿಡಿ, ಕೈಯಲ್ಲಿ ಮಾಡಿದ್ದು ಅಂತ ಗೊತ್ತಾಗುವುದೇ ಚೆಂದ. ಮಲಗಿದ ಶಾಟ್‌ಗೆ ಮಾತ್ರ ಮೈ ಮುಟ್ಟಬೇಡಿ. ಹೊಟ್ಟೆಯೊಳಗೆ ಸಣ್ಣ ಬಲೂನ್ ಇಟ್ಟು, ಟ್ಯೂಬ್‌ನಿಂದ ಗಾಳಿ ತುಂಬಿ ಉಸಿರಾಡಿಸಿ.

ಹಳೇ ಶಾಟ್‌ಗಳನ್ನೂ ಇಟ್ಟುಕೊಳ್ಳಿ. ಹೆಸರಾಂತ ಸ್ಟಾಪ್ ಮೋಷನ್ ಅನಿಮೇಟರ್ ರೇ ಹ್ಯಾರಿಹೌಸನ್ ಇದೇ ಕತೆಯನ್ನು 1952ರಲ್ಲಿ ಶುರು ಮಾಡಿ ಅರ್ಧಕ್ಕೆ ಬಿಟ್ಟಿದ್ದರು. 2002ರಲ್ಲಿ ಇಬ್ಬರು ಕಿರಿಯ ಅನಿಮೇಟರ್‌ಗಳ ಜೊತೆ ಅದು ಮುಗಿಯಿತು, ಹಳೇ ಶಾಟ್‌ಗಳನ್ನೂ ಉಳಿಸಿಕೊಂಡೇ. ನಿಮ್ಮವಕ್ಕೆ ಡಾವಿಂಚಿ ರಿಸಾಲ್ವ್ ಸ್ಟುಡಿಯೋ ಎಂಬ ಎಡಿಟಿಂಗ್ ಸಾಫ್ಟ್‌ವೇರ್‌ನ ಡಿಫ್ಲಿಕರ್ (ಮಿಣುಕು ತೆಗೆಯುವ ಎಫೆಕ್ಟ್) ಹಾಕಿ ನೋಡಿ.

ಬೊಂಬೆಮನೆ: 1/10 ಇಟ್ಟ ಮೇಲೆ ಮಿಣುಕು ಬಹಳ ಕಮ್ಮಿಯಾಯಿತು. ಅಪರ್ಚರ್ ಪೂರ್ತಿ ತೆರೆದಾಗ ಉಳಿದದ್ದೂ ಹೋಯಿತು. ಹಳೇ 50 ಎಂಎಂ ಲೆನ್ಸ್ ಹುಡುಕುತ್ತಿದ್ದೇನೆ. ಯಾರ ಹತ್ತಿರವಾದರೂ ಇದ್ದರೆ ತಿಳಿಸಿ.