ಸಹಾಯ ಬೇಕು: ವಿಧುರ ಮರ್ಮಕ್ಕೂ ಕಿವುಡಿಗೂ ಏನು ಸಂಬಂಧ?

ಎಲ್ಲರಿಗೂ ನಮಸ್ಕಾರ. ನಾನು ಆಯುರ್ವೇದ ಓದುತ್ತಿದ್ದೇನೆ. ಕ್ಲಾಸಿನಲ್ಲಿ ಮರ್ಮಗಳ (ಪೆಟ್ಟಾದರೆ ಜೀವಕ್ಕೋ ಅಂಗಕ್ಕೋ ಅಪಾಯವಾಗುವ ದೇಹದ ಜಾಗಗಳ) ಬಗ್ಗೆ ಮಾತಾಡಬೇಕು, ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಪ್ರಾಚೀನ ಶಸ್ತ್ರವೈದ್ಯ ಸುಶ್ರುತ ಹೇಳಿದ 107 ಮರ್ಮಗಳನ್ನು ಈಗಿನ ಅನಾಟಮಿ ಜೊತೆ ಹೊಂದಿಸಿ ನೋಡುತ್ತಿದ್ದೆ. ಕೈಯಲ್ಲಿರುವ ಕ್ಷಿಪ್ರ ಮರ್ಮ ಸಲೀಸಾಗಿ ಸಿಕ್ಕಿತು. ಹೆಬ್ಬೆರಳು, ತೋರುಬೆರಳಿನ ನಡುವೆ ಮೆತ್ತಗಿನ ಮಾಂಸ ಇದೆಯಲ್ಲ, ಅಲ್ಲೇ. ರೇಡಿಯಲ್ ಆರ್ಟರಿ ಅನ್ನುವ ರಕ್ತನಾಳ ಅದರೊಳಗಿಂದ ನುಗ್ಗಿ ಅಂಗೈಗೆ ಹೋಗುತ್ತದೆ. ಅಲ್ಲಿ ಪೆಟ್ಟಾದರೆ ಸೆಳೆತ ಬಂದು ಸಾವು ಎನ್ನುತ್ತಾನೆ ಸುಶ್ರುತ. ಗಾಯದಿಂದ ಬಂದ ಧನುರ್ವಾಯು ಇರಬಹುದು ಅಂತ ನನ್ನ ಊಹೆ. (ಕ್ಷಿಪ್ರವನ್ನು ಸ್ನಾಯು ಮರ್ಮ ಅನ್ನುತ್ತಾರೆ. ಸುಶ್ರುತ ಸಂಹಿತೆಯ ‘ಸ್ನಾಯು’ ಅಂದರೆ ಮಸಲ್ ಅಲ್ಲ, ಮೂಳೆಗಳನ್ನು ಕಟ್ಟಿಡುವ ಲಿಗಮೆಂಟ್, ಟೆಂಡನ್ ತರದ್ದು. ಇದು ಗೊತ್ತಾಗದೆ ಎರಡು ದಿನ ಸುಮ್ನೆ ಹಾಳಾಯಿತು.)

ತೊಂದರೆ ಇರುವುದು ವಿಧುರದಲ್ಲಿ. ಜಾಗ ಕಿವಿಯ ಹಿಂದೆ, ಕೆಳಗೆ. ಪೆಟ್ಟಾದರೆ ಕಿವುಡು. ನನ್ನ ಕಿವಿಯ ಹಿಂದೆಯೇ ಬೆರಳಿಟ್ಟು ನೋಡಿದೆ. ಮಾಸ್ಟಾಯ್ಡ್ ಮೂಳೆಯ ಗಟ್ಟಿ ತುದಿ, ಅದರ ಮುಂದೆ ಸಣ್ಣ ಗುಳಿ. ಆ ಗುಳಿಯ ಆಳದಲ್ಲಿ ಹೊರಬರುವುದು ಮುಖವನ್ನು ಆಡಿಸುವ ಫೇಶಿಯಲ್ ನರ. ಅದಕ್ಕೆ ಪೆಟ್ಟಾದರೆ ಬಾಯಿ ಸೊಟ್ಟಗಾಗಬೇಕು, ಅಲ್ವಾ? ಕಿವಿ ಯಾಕೆ ಹೋಗಬೇಕು? ಕೇಳಿಸುವ ನರ ಇರುವುದು ಮೂಳೆಯ ಒಳಗೆ. ಜೋರು ಪೆಟ್ಟಿಗೆ ಆ ಮೂಳೆಯೇ (ಟೆಂಪೊರಲ್ ಮೂಳೆ) ಬಿರಿದರೆ ಕಿವುಡಾಗುವುದು ಸರಿ. ಆದರೆ ಆಗ ಇದನ್ನು ಸ್ನಾಯು ಮರ್ಮಗಳಲ್ಲಿ ಯಾಕೆ ಸೇರಿಸಿದರು?

ಡಿಸೆಕ್ಷನ್ ಮಾಡಿದವರು, ಶಾರೀರ (ಆಯುರ್ವೇದದ ಅನಾಟಮಿ) ಪಾಠ ಮಾಡುವವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ: ನೀವು ವಿಧುರ ಅಂತ ಯಾವ ರಚನೆಯನ್ನು ತೋರಿಸುತ್ತೀರಿ?